ಪೂತನಿಯಿಂದ ನಾಗವಲ್ಲಿಯವರೆಗೆ: ಭೀಕರ ತಾಯಿಯ ಕಲ್ಪನೆ ಬೆಳೆದ ಬಗೆ

ಮಗುವಿಗೆ ಹಾಲೂಡುವ ಎದೆಯಲ್ಲಿಯೇ ವಿಷವಿರಬಹುದೆಂಬ ಭಯಕ್ಕೆ ಪುರಾಣ ಪೂತನಿಯೆಂದು ಹೆಸರಿಟ್ಟಿತು. ಆ ಭಯದ ಬೇರು ಬಾಣಂತಿ ಕೋಣೆಯಲ್ಲಿದೆ. ಸುಶ್ರುತ ಸಂಹಿತೆಯ ಉತ್ತರತಂತ್ರವು ಎಳೆಗೂಸುಗಳನ್ನು ಕಾಡುವ 9 ಬಾಲಗ್ರಹಗಳನ್ನು ಹೇಳುತ್ತದೆ. ಶಕುನಿ, ರೇವತಿ, ಪೂತನಾ, ಅಂಧಪೂತನಾ, ಶೀತಪೂತನಾ, ಮುಖಮಂಡಿಕಾ ಎಂಬ ಆರು ಹೆಣ್ಣು ರೂಪದವು. ವಾಂತಿ, ಭೇದಿ, ಜ್ವರಗಳಿಗೆ ಕಾರಣ ತಿಳಿಯದ ಕಾಲದಲ್ಲಿ ಕೂಸಿನ ಸಾವಿನ ಹೊಣೆ ಹೀಗೆ ಹೆಣ್ಣಿನ ಮೇಲೆ ಬಿತ್ತು.

ಆದರೂ ನಮ್ಮ ಪರಂಪರೆ ಅವಳನ್ನು ಕೊಂದು ಕೈತೊಳೆದುಕೊಳ್ಳಲಿಲ್ಲ. ಕೃಷ್ಣನಿಗೆ ಮೊಲೆಯೂಡಿದ ಕಾರಣಕ್ಕೇ ಪೂತನಿಗೆ ತಾಯಿಗೆ ಸಲ್ಲುವ ಗತಿ ದೊರೆಯಿತೆಂದು ಭಾಗವತ ಹೇಳುತ್ತದೆ. ಬೌದ್ಧರ ಹಾರೀತಿ ಪರರ ಮಕ್ಕಳನ್ನು ತಿನ್ನುತ್ತಿದ್ದವಳು. ಬುದ್ಧ ಅವಳ ಕಿರಿಯ ಮಗುವನ್ನು ಭಿಕ್ಷಾಪಾತ್ರೆಯಡಿ ಬಚ್ಚಿಟ್ಟಾಗ ಮಕ್ಕಳನ್ನು ಕಳೆದುಕೊಂಡ ತಾಯಂದಿರ ಸಂಕಟ ಅವಳಿಗೆ ತಿಳಿಯಿತು. ಅಜಂತಾದ 2ನೇ ಗುಹೆಯಲ್ಲಿ ಅವಳು ಪತಿ ಪಾಂಚಿಕನೊಂದಿಗೆ ಮಕ್ಕಳನ್ನು ಕಾಯುವ ದೇವಿಯಾಗಿ ಕುಳಿತಿದ್ದಾಳೆ.

ಇದೇ ಎರಡು ಮುಖ ಜನಪದ ದೇವತೆ ಸಟವಿಗೂ ಇದೆ. ಕೂಸಿಗೆ ಕೇಡು ಮಾಡಬಲ್ಲವಳೂ ಅವಳೇ, ಹಣೆಬರಹ ಬರೆಯುವವಳೂ ಅವಳೇ. ಹೆರಿಗೆಯಾದ ಐದನೆಯ ಅಥವಾ ಆರನೆಯ ರಾತ್ರಿ ಕಾಗದ, ಲೇಖನಿ ಇಟ್ಟು ಅವಳನ್ನು ಪೂಜಿಸುವ ರೂಢಿ ಮಹಾರಾಷ್ಟ್ರದಲ್ಲಿದೆ. ಉತ್ತರ ಕರ್ನಾಟಕದವರಿಗೂ ಸಟವಿ ಅಪರಿಚಿತಳಲ್ಲ. ಕನ್ನಡಿಗರೂ ಮರಾಠಿಗರೂ ನೆರೆಹೊರೆಯಾಗಿ ಬಾಳುವ, ನವಿ ಮುಂಬಯಿಯ ಕಳಂಬೋಲಿಯಂಥ ಊರಿನಲ್ಲಿ ಈ ನಂಬಿಕೆಗೆ ಭಾಷೆಯ ಗಡಿಯಿಲ್ಲ.

ಸಿನಿಮಾ ಈ ಎರಡು ಮುಖಗಳಲ್ಲಿ ಒಂದನ್ನೇ ಹೆಚ್ಚಾಗಿ ಆರಿಸಿಕೊಂಡಿತು. 1979ರ ‘ನಾ ನಿನ್ನ ಬಿಡಲಾರೆ’ಯಲ್ಲಿ ಸೇಡಿನ ಹೆಣ್ಣು ದೆವ್ವ ಸಂಸಾರವನ್ನು ಕಾಡುತ್ತದೆ. 1993ರ ಮಲಯಾಳಂ ‘ಮಣಿಚಿತ್ರತ್ತಾಳ್’ನಿಂದ ಬಂದ 2004ರ ‘ಆಪ್ತಮಿತ್ರ’ದಲ್ಲಿ ನಾಗವಲ್ಲಿ ರಾಜನ ಕ್ರೌರ್ಯಕ್ಕೆ ಬಲಿಯಾದ ನರ್ತಕಿ. ಪ್ರೇಕ್ಷಕರು ನೆನಪಿಟ್ಟುಕೊಂಡದ್ದು ಮಾತ್ರ ನಟಿ ಸೌಂದರ್ಯ ಅವರ ಕೆಂಡಗಣ್ಣನ್ನು, ರಾಜನ ಅಪರಾಧವನ್ನಲ್ಲ. ಪವನ್ ಕುಮಾರ್ ಅವರ ‘ಯು ಟರ್ನ್’ (2016) ಬೇರೆ ದಾರಿ ಹಿಡಿಯಿತು. ಬೆಂಗಳೂರಿನ ಮೇಲ್ಸೇತುವೆಯ ಮೇಲೆ ರಸ್ತೆ ವಿಭಜಕದ ಕಲ್ಲು ಸರಿಸಿ ಅಡ್ಡದಾರಿ ಹಿಡಿದವರ ಅಜಾಗರೂಕತೆಗೆ ಮಗಳೊಂದಿಗೆ ಬಲಿಯಾದ ತಾಯಿ ಇಲ್ಲಿ ಲೆಕ್ಕ ಕೇಳುತ್ತಾಳೆ.

ಭಯಾನಕ ಸಿನಿಮಾದ ಹೆಣ್ಣು ಹೆರುವ ದೇಹದ ಕಾರಣಕ್ಕೇ ಭೀಕರಳಾಗುತ್ತಾಳೆಂದು ಸಿನಿಮಾ ವಿದ್ವಾಂಸೆ ಬಾರ್ಬರಾ ಕ್ರೀಡ್ 1993ರ ತಮ್ಮ ಗ್ರಂಥದಲ್ಲಿ ವಾದಿಸಿದರು. ನಮ್ಮ ಸಾಮಗ್ರಿ ಆ ವಾದವನ್ನು ಒಪ್ಪುತ್ತಲೇ ಇನ್ನೊಂದು ಮಾತು ಸೇರಿಸುತ್ತದೆ: ಇಲ್ಲಿನ ಜನ ಅಂಜಿದವಳಿಗೇ ಆರತಿ ಎತ್ತಿದರು, ಅವಳ ದುಃಖಕ್ಕೂ ಜಾಗ ಕೊಟ್ಟರು. ತೆರೆಯ ಮೇಲಿನ ದೆವ್ವಗಳನ್ನಷ್ಟೇ ಓದಿದರೆ ಈ ಚರಿತ್ರೆಯ ಅರ್ಧ ಕೈತಪ್ಪುತ್ತದೆ. ವಲಸೆ ಊರುಗಳ ಅಜ್ಜಿಯರು, ಸೂಲಗಿತ್ತಿಯರು ಬಲ್ಲ ಸಟವಿಯ ಆಚರಣೆಗಳನ್ನು ಕನ್ನಡ ಸಂಶೋಧಕರು ತಡಮಾಡದೆ ದಾಖಲಿಸಬೇಕು.