ಎರೆನಾಡಿನ ಅರಳೆಯೂ ಘಟ್ಟದ ದಾರಿಯೂ

ಪರ್ವತಗಳ ನೆತ್ತಿಯನ್ನು ಹಾಯ್ದು ಹೋಗುವ ಜಲ್ಲಿಯ ದಾರಿಯಲ್ಲಿ ವಾಹನ ನಡೆಸುವುದು ಈಗ ವಿಹಾರವೆನಿಸಿದೆ. ಆದರೆ ಇಂತಹ ದಾರಿಗಳನ್ನು ವಿಹಾರಕ್ಕಾಗಿಯೇ ಕಡಿಸಿದವರು ವಿರಳ. ಆಲ್ಪ್ಸ್ ಪರ್ವತದಲ್ಲಿ ಸುಮಾರು 9,000 ಅಡಿ ಎತ್ತರವನ್ನೇರುವ ಸ್ಟೆಲ್ವಿಯೋ ದಾರಿಯನ್ನು ಆಸ್ಟ್ರಿಯದ ಸರಕಾರವು 1820ರಿಂದ 1825ರವರೆಗೆ ಕಟ್ಟಿಸಿದುದು ಲೊಂಬಾರ್ಡಿಯನ್ನು ತನ್ನ ಕೈಯಲ್ಲಿ ಹಿಡಿದಿಡುವುದಕ್ಕೆ. ನಮ್ಮ ಅರಬೈಲು, ದೇವಿಮನೆ ಘಟ್ಟಗಳು ಅದರ ಕಾಲುಭಾಗದಷ್ಟೂ ಎತ್ತರವಿಲ್ಲ. ಆದರೂ ಅವುಗಳ ಚರಿತ್ರೆಯಲ್ಲಿ ಸೈನ್ಯದ ಬದಲು ಅರಳೆಯಿದೆ. ಶ್ರೋತೃಗಳು ಇಂದು ಅದನ್ನು ನಮ್ಮೊಡನೆ ವಿಚಾರಿಸಬೇಕು.

ನವಲಗುಂದ ತಾಲೂಕಿನ ಯಮನೂರನ್ನು ನಮ್ಮ ಜನರು ಬಲ್ಲರು. ಹಿಂದೂಗಳೂ ಮುಸಲ್ಮಾನರೂ ಸಮಾನವಾಗಿ ನಡೆದುಕೊಳ್ಳುವ ರಾಜಾಬಾಗಸವಾರನ ದರ್ಗಾ ಅಲ್ಲಿದೆ. ಬಳಿಯಲ್ಲಿ ಬೆಣ್ಣೆಹಳ್ಳ ಹರಿಯುತ್ತದೆ. ಸುತ್ತಲೂ ಕಣ್ಣು ಹರಿಯುವವರೆಗೆ ಎರೆಭೂಮಿ. ಈ ಎರೆಯ ಹತ್ತಿಗೆ ಕಡಲು ನೂರು ಮೈಲಿಗೂ ಮಿಗಿಲಾದ ದೂರ. ನಡುವೆ ಸಹ್ಯಾದ್ರಿ ಅಡ್ಡವಾಗಿದೆ.

ಬಂಡಿಯ ದಾರಿಗಳಾಗುವ ಮೊದಲು ಅರಳೆಯನ್ನು ಹೇರೆತ್ತುಗಳ ಮೇಲೆ ಸಾಗಿಸುತ್ತಿದ್ದರು. ಪ್ರತಿ ರಾತ್ರಿಯೂ ಹೇರನ್ನು ಇಳಿಸಬೇಕು, ಬೆಳಗಾದೊಡನೆ ಮತ್ತೆ ಏರಿಸಬೇಕು. ಅಷ್ಟರಲ್ಲಿ ಧೂಳೂ ಕಸವೂ ಸೇರಿ ಮಾಲು ಕೆಡುತ್ತಿದ್ದಿತು. ಕಾಲವೂ ಸಾಲದು. ಬೇಸಗೆಯ ಮೊದಲಲ್ಲಿ ಬಿಡಿಸಿದ ಹತ್ತಿಯು ಮುಂಗಾರಿಗೆ ಮುನ್ನ ಹಡಗನ್ನು ಸೇರದಿದ್ದರೆ, ಮಳೆಗಾಲದ ಕಡಲು ನಾವೆಗಳಿಗೆ ಬಾಗಿಲು ಮುಚ್ಚಿಬಿಡುತ್ತಿದ್ದಿತು.

1861ರಲ್ಲಿ ಅಮೆರಿಕದ ಅಂತರ್ಯುದ್ಧವು ಮೊದಲಾಗಲು, ಅಲ್ಲಿಯ ಹತ್ತಿಯನ್ನು ನಂಬಿದ್ದ ಲಂಕಾಶೈರಿನ ಗಿರಣಿಗಳು ಕಂಗೆಟ್ಟುವು. ಧಾರವಾಡದ ಹತ್ತಿಗೆ ಬೆಲೆಯೇರಿತು. ಮದರಾಸು ಆಧಿಪತ್ಯಕ್ಕೆ ಸೇರಿದ್ದ ಉತ್ತರ ಕನ್ನಡವನ್ನು 1862ರಲ್ಲಿ ಮುಂಬಯಿಗೆ ಸೇರಿಸಿದರು. ಹತ್ತಿಯ ಸೀಮೆಯೂ ಅದರ ಬಂದರೂ ಒಂದೇ ಆಡಳಿತಕ್ಕೆ ಒಳಪಟ್ಟುವು. ಘಟ್ಟದ ದಾರಿಗಳ ಕೆಲಸಕ್ಕೆ ವೇಗ ಬಂದಿತು. ಏರುವಾಗ ಎತ್ತಿನ ಉಸಿರು, ಇಳಿಯುವಾಗ ಹೊಡೆಯುವವನ ಎದೆಗಾರಿಕೆ, ಇವೆರಡೇ ಅಲ್ಲಿ ಬಂಡಿಗೆ ಆಧಾರ. ಇಳಿಜಾರಿನಲ್ಲಿ ಗಾಲಿಯನ್ನು ತಡೆಯದಿದ್ದರೆ ಹೊರೆಯೆಲ್ಲವೂ ಎತ್ತುಗಳ ಹೆಗಲ ಮೇಲೆ ಬೀಳುವುದಷ್ಟೆ.

1865ರಲ್ಲಿ ಯುದ್ಧ ಮುಗಿಯಿತು, ಬೆಲೆಯೂ ಕುಸಿಯಿತು. ಆ ಶತಮಾನ ತೀರುವ ಮೊದಲೇ ಹುಬ್ಬಳ್ಳಿಯ ರೈಲು ಗೋವೆಯ ಮರ್ಮಗೋವಾ ಬಂದರನ್ನು ಕೂಡಿ, ಘಟ್ಟದ ಬಂಡಿಗಳ ಸಾಲು ತೆಳುವಾಯಿತು. ಆದರೆ ಒಂದು ಹೆಸರು ಮಾತ್ರ ಉಳಿಯಿತು. ಧಾರವಾಡದ ಎರೆಯಲ್ಲಿ ಬೆಳೆದ ಆ ಹತ್ತಿಯನ್ನು ಹೊರಗಿನ ಪೇಟೆಯವರು 'ಕುಮಟಾ ಹತ್ತಿ' ಎಂದೇ ಕರೆದರು. ಕುಮಟೆಯಲ್ಲಿ ಅದು ಬೆಳೆದುದಿಲ್ಲ. ಅಲ್ಲಿ ಹಡಗನ್ನು ಏರಿತು, ಅಷ್ಟೆ. ವ್ಯಾಪಾರಿಯು ಸರಕನ್ನು ತಾನು ಕಂಡ ಕೊನೆಯ ಕಟ್ಟೆಯಿಂದ ಗುರುತಿಸಿದನು. ಉತ್ತವನ ಊರು ಅವನ ಲೆಕ್ಕಕ್ಕೆ ಬರಲಿಲ್ಲ.

ಅರಬೈಲಿನಲ್ಲಿ ಈಗ ರಾಷ್ಟ್ರೀಯ ಹೆದ್ದಾರಿಯ ಲಾರಿಗಳು ಓಡಾಡುತ್ತವೆ. 2021ರ ಜುಲೈ ಮಳೆಯಲ್ಲಿ ಅಲ್ಲಿ ಗುಡ್ಡ ಜರಿದು ಸಂಚಾರ ನಿಂತಿತು. ಬೆಟ್ಟವು ದಾರಿಯನ್ನು ಇನ್ನೂ ಪೂರ್ಣವಾಗಿ ಬಿಟ್ಟುಕೊಟ್ಟಿಲ್ಲ. ಆ ತಿರುವುಗಳಲ್ಲಿ ಹಸುರನ್ನು ನೋಡಿ ಹಿಗ್ಗುವವರು, ಯಮನೂರಿನಂತಹ ಊರುಗಳ ಬೆವರೂ ಒಮ್ಮೆ ಅದೇ ಇಳಿಜಾರಿನಲ್ಲಿ ಇಳಿದುಹೋಯಿತೆಂಬುದನ್ನು ನೆನೆದರೆ, ಹೆಸರಿನಲ್ಲಿ ಸಲ್ಲದೆಹೋದ ನ್ಯಾಯವು ನೆನಪಿನಲ್ಲಾದರೂ ಸಂದೀತು.