ಅಂಕಪಟ್ಟಿಗೆ ಅಟೆಸ್ಟೇಷನ್

2001ರ ಅಕ್ಟೋಬರಿನಲ್ಲಿ ಹಾರ್ಡ್‌ಓಸಿಪಿ ಎಂಬ ಅಮೆರಿಕದ ಜಾಲತಾಣದವರು ಒಂದು ಕಂಪ್ಯೂಟರ್ ಆಟಕ್ಕೆ ಮರುನಾಮಕರಣ ಮಾಡಿದರು. ಕ್ವೇಕ್ 3 ಆಟದ ಪ್ರೋಗ್ರಾಮಿನಲ್ಲಿ 'ಕ್ವೇಕ್' ಎಂದಿದ್ದುದನ್ನು 'ಕ್ವ್ಯಾಕ್' ಎಂದು ತಿದ್ದಿದರು, ಅಷ್ಟೆ. ಕ್ವ್ಯಾಕ್ ಎಂದರೆ ಇಂಗ್ಲಿಷಿನಲ್ಲಿ ಬಾತುಕೋಳಿಯ ಕೂಗೂ ಹೌದು, ನಕಲಿ ವೈದ್ಯನೂ ಹೌದು. ಹೆಸರು ಬದಲಾದದ್ದೇ ತಡ, ಎಟಿಐ ಕಂಪನಿಯ ಹೊಚ್ಚ ಹೊಸ ರೇಡಿಯಾನ್ 8500 ಗ್ರಾಫಿಕ್ಸ್ ಕಾರ್ಡಿನ ವೇಗ ಇಳಿಯಿತು, ಚಿತ್ರದ ಗುಣಮಟ್ಟ ಮಾತ್ರ ಏರಿತು. ಪತ್ರಿಕೆಗಳವರೆಲ್ಲ ಕಾರ್ಡುಗಳನ್ನು ಅಳೆಯುತ್ತಿದ್ದದ್ದು ಕ್ವೇಕ್ 3ರಲ್ಲಿ. ಆ ಹೆಸರು ಕಿವಿಗೆ ಬಿದ್ದೊಡನೆ ಕಾರ್ಡಿನ ಡ್ರೈವರು ಚಿತ್ರದ ಸೊಗಸನ್ನು ಸದ್ದಿಲ್ಲದೆ ತಗ್ಗಿಸಿ ಓಟ ಹೆಚ್ಚಿಸುತ್ತಿತ್ತು. ಇನ್‌ಸ್ಪೆಕ್ಟರು ಬರುವ ದಿನ ಮಾತ್ರ ಶಾಲೆಗೆ ಸುಣ್ಣ ಬಳಿಯುವ ಹೆಡ್ಮಾಸ್ತರರ ಜಾಣ್ಮೆ ಇದು.

ಆಟಗಳನ್ನು ನಂಬುವಂತಿಲ್ಲ ಎಂದಾದರೆ ಅಳತೆಗೆಂದೇ ಮಾಡಿದ ಪ್ರೋಗ್ರಾಮು ಇತ್ತಲ್ಲ? ಫಿನ್ಲೆಂಡಿನ ಮ್ಯಾಡ್‌ಆನಿಯನ್ ಕಂಪನಿಯ ತ್ರೀಡಿಮಾರ್ಕ್ ಆಗಲೇ ಲೋಕಪ್ರಸಿದ್ಧ. ಕಂಪ್ಯೂಟರಿನಲ್ಲಿ ಕೆಲವು ದೃಶ್ಯಗಳನ್ನು ಓಡಿಸಿ ಕೊನೆಗೆ ಒಂದೇ ಒಂದು ಅಂಕ ಕೊಡುವ ಸಾಧನ. 'ಹುಚ್ಚು ಈರುಳ್ಳಿ' ಎಂಬ ಹೆಸರಿಟ್ಟುಕೊಂಡು ತೀರ್ಪುಗಾರನಾಗುವುದು ಕಷ್ಟವೆಂದೋ ಏನೋ, 2002ರಲ್ಲಿ ಕಂಪನಿ ಫ್ಯೂಚರ್‌ಮಾರ್ಕ್ ಆಯಿತು. 2003ರ ಫೆಬ್ರವರಿಯಲ್ಲಿ ತ್ರೀಡಿಮಾರ್ಕ್03 ಬಂತು. ಅದರ ಬೀಟಾ ಯೋಜನೆಯಿಂದ ಎನ್‌ವಿಡಿಯಾ ಕಂಪನಿ ಕೆಲವೇ ವಾರಗಳ ಹಿಂದೆ ಹೊರನಡೆದಿತ್ತು. ಈ ಪರೀಕ್ಷೆ ನಿಜವಾದ ಆಟಗಳನ್ನು ಹೋಲುವುದಿಲ್ಲ ಎಂಬುದು ಅದರ ತಕರಾರು. ಆದರೆ ಪ್ರಶ್ನೆಪತ್ರಿಕೆಯನ್ನು ಬೈಯುವವರು ಉತ್ತರ ಬಾಯಿಪಾಠ ಮಾಡಬಾರದೆಂದು ಎಲ್ಲಿದೆ?

ತ್ರೀಡಿಮಾರ್ಕಿನ ಕ್ಯಾಮೆರಾ ಪ್ರತಿ ಸಲವೂ ಹಳಿಯ ಮೇಲಿನ ರೈಲಿನಂತೆ ಅದೇ ದಾರಿಯಲ್ಲಿ ಸಾಗುತ್ತದೆ. ಬೀಟಾ ಸದಸ್ಯರಿಗೆ ಕೊಟ್ಟಿದ್ದ ಆವೃತ್ತಿಯಲ್ಲಿ ಮಾತ್ರ ಕ್ಯಾಮೆರಾವನ್ನು ಹಳಿಯಿಂದ ಇಳಿಸಿ ಬೇಕಾದೆಡೆ ತಿರುಗಿಸಬಹುದಿತ್ತು. ಆ ವರ್ಷದ ಮೇ ತಿಂಗಳಲ್ಲಿ ಎಕ್ಸ್‌ಟ್ರೀಮ್‌ಟೆಕ್ ತಾಣದವರು ಹಾಗೆ ತಿರುಗಿಸಿ ನೋಡಿದರೆ, ಎನ್‌ವಿಡಿಯಾ ಕಾರ್ಡಿನಲ್ಲಿ ಆಕಾಶ ಕದಡಿಹೋಗಿತ್ತು. ಕ್ಯಾಮೆರಾ ಎಂದೂ ತಿರುಗದ ಕಡೆ ಬಿಡಿಸುವ ಶ್ರಮವನ್ನೇ ಡ್ರೈವರು ತೆಗೆದುಕೊಂಡಿರಲಿಲ್ಲ. ನಾಟಕದ ಸೆಟ್ಟಿನ ಹಿಂಬದಿಗೆ ಬಣ್ಣ ಬಳಿಯದ ಹಾಗೆ.

ಮೇ 23ರಂದು ಫ್ಯೂಚರ್‌ಮಾರ್ಕ್ ತನಿಖಾ ವರದಿ ಹೊರಡಿಸಿತು. ಇಂಥ ಎಂಟು ಕೈಚಳಕಗಳ ಪಟ್ಟಿ ಅದರಲ್ಲಿತ್ತು. ಮೊದಲನೆಯದೇ ಸ್ವಾರಸ್ಯದ್ದು: ಪರೀಕ್ಷೆ ಶುರುವಾಗುವ ಮೊದಲು ಬರುವ 'ಲೋಡಿಂಗ್' ಪರದೆಯನ್ನು ಡ್ರೈವರು ಗುರುತಿಸುತ್ತಿತ್ತು. ಈ ಗುರುತುಗಳನ್ನೆಲ್ಲ ಅಳಿಸಿದ 330ನೇ ಪರಿಷ್ಕರಣೆಯಲ್ಲಿ ಜೀಫೋರ್ಸ್ ಎಫ್‌ಎಕ್ಸ್ 5900 ಅಲ್ಟ್ರಾದ ಅಂಕ ಶೇ. 24.1ರಷ್ಟು ಕುಸಿಯಿತು. ಎಟಿಐ ಕಾರ್ಡಿನ ಅಂಕವೂ ಶೇ. 1.9ರಷ್ಟು ಇಳಿಯಿತು, ಆ ಕಂಪನಿ ತಪ್ಪೊಪ್ಪಿ, ಮುಂದಿನ ಡ್ರೈವರಿನಿಂದ ಅದನ್ನು ತೆಗೆಯುವುದಾಗಿ ಹೇಳಿತು.

ಇಲ್ಲಿಗೆ ಮುಗಿಯಬೇಕಿತ್ತು. ಹತ್ತೇ ದಿನದಲ್ಲಿ, ಜೂನ್ 2ರಂದು, ಫ್ಯೂಚರ್‌ಮಾರ್ಕ್ ಮತ್ತು ಎನ್‌ವಿಡಿಯಾದ ಜಂಟಿ ಹೇಳಿಕೆ ಬಂತು. ಈಗ ವಿಷಯ ಹೆಚ್ಚು ಆಳವಾಗಿ ಅರ್ಥವಾಗಿದೆಯಂತೆ. ಅದು ಮೋಸವಲ್ಲವಂತೆ, 'ನಿರ್ದಿಷ್ಟ ಪ್ರೋಗ್ರಾಮಿಗೆ ಮಾಡಿದ ಸುಧಾರಣೆ'ಯಂತೆ. ಸರ್ಕಾರಿ ಕಡತಗಳಲ್ಲಿ ಲಂಚ ಎಂಬುದು 'ಕಾರ್ಯವಿಧಾನದ ಲೋಪ'ವಾಗುವುದನ್ನು ಕಂಡವರಿಗೆ ಈ ಭಾಷೆ ಹೊಸದೇನಲ್ಲ. ಚಿಕ್ಕ ಕಂಪನಿಯೊಂದು ದೊಡ್ಡ ಕಂಪನಿಯನ್ನು ಮೋಸಗಾರ ಎಂದು ಕರೆದು ಎಷ್ಟು ದಿನ ನಿಲ್ಲಬಲ್ಲದು ಎಂಬ ಲೆಕ್ಕವೂ ಇದರೊಳಗೆ ಇದ್ದಿರಬೇಕು.

ಆದರೂ ಹೇಳಿಕೆಯ ಬೆನ್ನಿಗೇ ನಿಯಮಾವಳಿ ಹುಟ್ಟಿತು. ಡ್ರೈವರು ತ್ರೀಡಿಮಾರ್ಕನ್ನು ಗುರುತು ಹಿಡಿಯಕೂಡದು, ನೇರವಾಗಿಯೂ ಸುತ್ತುಬಳಸಿಯೂ. ಕೇಳಿದ ಗುಣಮಟ್ಟವನ್ನು ಬದಲಿಸಕೂಡದು. ಡ್ರೈವರಿಗೆ ಮೊದಲು ಮೈಕ್ರೋಸಾಫ್ಟಿನ ಪ್ರಮಾಣಪತ್ರ ಬೇಕು, ಆಮೇಲೆ ಫ್ಯೂಚರ್‌ಮಾರ್ಕಿನ ಅನುಮೋದನೆ ಬೇಕು. ಆ ಪಟ್ಟಿಯಲ್ಲಿಲ್ಲದ ಡ್ರೈವರಿನಿಂದ ಬಂದ ಅಂಕ ಸಿಂಧುವಲ್ಲ. ಅಂದಿನಿಂದ ಪ್ರಾಮಾಣಿಕ ಬಳಕೆದಾರನೂ ನಿನ್ನೆ ಬಂದ ಡ್ರೈವರು ಹಾಕಿಕೊಂಡರೆ, ತನ್ನ ಅಂಕದ ಪಕ್ಕದಲ್ಲಿ 'ಗ್ರಾಫಿಕ್ಸ್ ಡ್ರೈವರಿಗೆ ಅನುಮೋದನೆಯಿಲ್ಲ' ಎಂಬ ಷರಾ ಓದಬೇಕಾಯಿತು.

ದ್ರವ ಸಾರಜನಕ ಸುರಿದು ಚಿಪ್ಪುಗಳನ್ನು ಮಿತಿಮೀರಿ ಓಡಿಸುವ ಓವರ್‌ಕ್ಲಾಕರ್‌ಗಳ ಲೋಕದಲ್ಲಿ ಅನುಮಾನ ಇನ್ನೂ ಮುಂದೆ ಹೋಯಿತು. ಅವರ ದಾಖಲೆಗಳನ್ನು ಇಡುವ ಎಚ್‌ಡಬ್ಲ್ಯುಬಾಟ್ ಪರದೆಯ ಚಿತ್ರ ಕೇಳುತ್ತಿತ್ತು, ಯಂತ್ರದ ಫೋಟೋ ಕೇಳುತ್ತಿತ್ತು. 2013ರ ಆಗಸ್ಟಿನಲ್ಲಿ ನೋಡಿದರೆ ಗಡಿಯಾರವೇ ಸುಳ್ಳು ಹೇಳುತ್ತಿತ್ತು. ವಿಂಡೋಸ್ 8ರಲ್ಲಿ ಯಂತ್ರದ ಮೂಲ ವೇಗವನ್ನು ಓಡುತ್ತಿರುವಾಗಲೇ ತಗ್ಗಿಸಿದರೆ ಗಡಿಯಾರವೂ ನಿಧಾನವಾಗುತ್ತಿತ್ತು. ಯಂತ್ರದ ಲೆಕ್ಕದಲ್ಲಿ ಕಡಿಮೆ ಹೊತ್ತು, ಹಾಗಾಗಿ ಹೆಚ್ಚು ಅಂಕ. ಇಲ್ಲಿ ಯಾರೂ ಮೋಸ ಮಾಡಬೇಕಾಗಿಯೇ ಇರಲಿಲ್ಲ. ಎಚ್‌ಡಬ್ಲ್ಯುಬಾಟ್ ಆಗ ವಿಂಡೋಸ್ 8ರ ಅಂಕಗಳಿಗೆ ಬಾಗಿಲು ಹಾಕಿತು.

2014ರಲ್ಲಿ ಫ್ಯೂಚರ್‌ಮಾರ್ಕನ್ನು ಕೊಂಡದ್ದು ಯುಎಲ್: 1894ರಿಂದ ವಿದ್ಯುತ್ ಉಪಕರಣಗಳಿಗೆ ಬೆಂಕಿ ಹತ್ತುತ್ತದೋ ಇಲ್ಲವೋ ಎಂದು ಪರೀಕ್ಷಿಸಿ ಮುದ್ರೆ ಒತ್ತುತ್ತ ಬಂದ ಅಮೆರಿಕದ ಸಂಸ್ಥೆ. ಮುದ್ರೆಯ ಕೆಲಸ ಸರಿಯಾದ ಮನೆ ಸೇರಿತು. 2018ರ ಸೆಪ್ಟೆಂಬರಿನಲ್ಲಿ, ಹುವಾವೆಯ ಫೋನುಗಳು ಬೆಂಚ್‌ಮಾರ್ಕಿನ ಹೆಸರು ನೋಡಿ ಓಡುತ್ತಿವೆ ಎಂದು ಆನಂದ್‌ಟೆಕ್ ಬರೆದಾಗ, ಯುಎಲ್ ತನ್ನ ಬಳಿಯಿದ್ದ ಗುಪ್ತ ತ್ರೀಡಿಮಾರ್ಕ್ ಹೊರತೆಗೆಯಿತು. ಪರೀಕ್ಷೆ ಅದೇ, ಹೆಸರು ಮಾತ್ರ ಇಲ್ಲ. ಬಹಿರಂಗ ಆವೃತ್ತಿಯ ಅಂಕ ಗುಪ್ತ ಆವೃತ್ತಿಗಿಂತ ಶೇ. 47ರವರೆಗೂ ಹೆಚ್ಚಿತ್ತು. ಹದಿನೇಳು ವರ್ಷಗಳ ಬಳಿಕ ಮತ್ತೆ ಕ್ವ್ಯಾಕ್.

ನಾಲ್ಕು ಫೋನುಗಳ ಅಂಕಗಳು ಪಟ್ಟಿಯಿಂದ ಹೋದವು. ಹುವಾವೆ ತನ್ನ ಮುಂದಿನ ತಂತ್ರಾಂಶದಲ್ಲಿ ಆ 'ಪರ್ಫಾರ್ಮೆನ್ಸ್ ಮೋಡ್' ಅನ್ನು ಎಲ್ಲ ಬಳಕೆದಾರರ ಕೈಗೂ ಕೊಡುವುದಾಗಿ ತಿಳಿಸಿತು. ಬಳಕೆದಾರರೇ ಗುಂಡಿ ಒತ್ತಿದರೆ ನಿಯಮದ ಅಡ್ಡಿಯಿಲ್ಲ.