ಅಳಿದ ವಿಮಾನಗಳ ಪುಟ್ಟ ಅವತಾರ

ಮೊದಲ ಮಹಾಯುದ್ಧದ ವಿಮಾನಗಳಲ್ಲಿ ಜರ್ಮನಿಯ ‘ಫಾಕರ್ ಡಿಆರ್-1’ರಷ್ಟು ಹೆಸರಾದವು ಕಡಿಮೆ. ಒಂದರ ಮೇಲೊಂದು ಮೂರು ರೆಕ್ಕೆ, ಮೊಂಡು ಮೂತಿ, ಕಡುಗೆಂಪು ಬಣ್ಣ. ‘ಕೆಂಪು ಬ್ಯಾರನ್’ ಎಂದೇ ಖ್ಯಾತನಾದ ಮ್ಯಾನ್‌ಫ್ರೆಡ್ ಫಾನ್ ರಿಕ್ಟ್‌ಹೋಫೆನ್ 1918ರ ಏಪ್ರಿಲ್ 21ರಂದು ಫ್ರಾನ್ಸ್‌ನ ಸೊಮ್ ನದಿಯ ಬಳಿ ಗುಂಡೇಟಿಗೆ ಬಲಿಯಾದಾಗ ಹಾರಿಸುತ್ತಿದ್ದುದು ಇದೇ ಬಗೆಯ ವಿಮಾನ. ಒಟ್ಟು 320 ವಿಮಾನಗಳು ತಯಾರಾದವು. ಇಂದು ಅವುಗಳಲ್ಲಿ ಒಂದೂ ಉಳಿದಿಲ್ಲ.

ರಿಕ್ಟ್‌ಹೋಫೆನ್ ಸತ್ತ ವಿಮಾನವನ್ನು ಆಸ್ಟ್ರೇಲಿಯಾದ ಸೈನಿಕರು ನೆನಪಿಗೆಂದು ಚೂರುಚೂರು ಮಾಡಿ ಹಂಚಿಕೊಂಡರು. ಅವನೇ ಹಾರಿಸಿದ್ದ ಇನ್ನೊಂದು ವಿಮಾನ ಬರ್ಲಿನ್‌ನ ವಸ್ತುಸಂಗ್ರಹಾಲಯ ಸೇರಿತ್ತು. ಎರಡನೇ ಮಹಾಯುದ್ಧದ ಬಾಂಬ್ ದಾಳಿಯಲ್ಲಿ ಅದೂ ನಾಶವಾಯಿತು. ಒಂದು ಯುದ್ಧ ಹುಟ್ಟಿಸಿದ ವಿಮಾನವನ್ನು ಇನ್ನೊಂದು ಯುದ್ಧ ನುಂಗಿಹಾಕಿತು.

ಆದರೂ ಯುರೋಪು, ಅಮೆರಿಕಗಳ ಹುಲ್ಲು ಮೈದಾನಗಳಲ್ಲಿ ರಜೆಯ ದಿನಗಳಂದು ಕೆಂಪು ತ್ರಿಪದರ ರೆಕ್ಕೆಯ ಫಾಕರ್ ಈಗಲೂ ಹಾರುತ್ತದೆ. ಅದರ ಚಾಲಕ ಒಳಗೆ ಕುಳಿತಿರುವುದಿಲ್ಲ. ಕೈಯಲ್ಲಿ ಟ್ರಾನ್ಸ್‌ಮಿಟರ್ ಹಿಡಿದು ನೆಲದ ಮೇಲೆ ನಿಂತಿರುತ್ತಾನೆ. ವಿಮಾನದ ಅಗಲ ಒಬ್ಬ ಮನುಷ್ಯನ ಎತ್ತರದಷ್ಟು. ರೇಡಿಯೊ ನಿಯಂತ್ರಿತ ಮಾದರಿ ವಿಮಾನಗಳ ಈ ಹವ್ಯಾಸ ನೋಡುವವರಿಗೆ ಆಟದಂತೆ ಕಾಣಬಹುದು. ಆದರೆ ವಿಮಾನಯಾನದ ಇತಿಹಾಸ ಶುರುವಾದದ್ದೇ ಇಂತಹ ಆಟಿಕೆಯಿಂದ. ಅಳಿದುಹೋದ ವಿಮಾನಗಳನ್ನು ಹಾರುವ ಸ್ಥಿತಿಯಲ್ಲಿ ಕಾಪಾಡಿಕೊಂಡು ಬಂದವರಲ್ಲಿ ಈ ಹವ್ಯಾಸಿಗಳೂ ಸೇರಿದ್ದಾರೆ ಎಂಬುದು ಗಮನಾರ್ಹ.

ಮೊದಲು ಹಾರಿದ್ದು ಆಟಿಕೆ

ಫ್ರಾನ್ಸ್‌ನ ಆಲ್ಫೋನ್ಸ್ ಪೆನೊ ಎಂಬ ತರುಣ 1871ರ ಆಗಸ್ಟ್‌ನಲ್ಲಿ ಪ್ಯಾರಿಸ್ಸಿನ ಟ್ವಿಲರಿ ಉದ್ಯಾನದಲ್ಲಿ ಒಂದು ಪುಟ್ಟ ವಿಮಾನವನ್ನು ಹಾರಿಬಿಟ್ಟ. ಹುರಿಗೊಳಿಸಿದ ರಬ್ಬರ್ ಪಟ್ಟಿಯೇ ಅದರ ಎಂಜಿನ್. 11 ಸೆಕೆಂಡುಗಳಲ್ಲಿ ಅದು ಸುಮಾರು 40 ಮೀಟರ್ ದೂರ ಸಾಗಿ ಇಳಿಯಿತು. ರೆಕ್ಕೆ ಮತ್ತು ಬಾಲ ಸೇರಿ ವಿಮಾನವನ್ನು ತಾನಾಗಿಯೇ ಸಮತೋಲನದಲ್ಲಿ ಇಡಬಲ್ಲವು ಎಂಬುದು ಅಂದು ಕಣ್ಣೆದುರೇ ಸಾಬೀತಾಯಿತು.

ಪೆನೊ ರಬ್ಬರ್ ಪಟ್ಟಿಯ ಹೆಲಿಕಾಪ್ಟರ್ ಆಟಿಕೆಯನ್ನೂ ರೂಪಿಸಿದ್ದ. 1878ರಲ್ಲಿ ಅಮೆರಿಕದ ಪಾದ್ರಿಯೊಬ್ಬರು ಅಂತಹುದೊಂದನ್ನು ತಂದು ತಮ್ಮ ಇಬ್ಬರು ಗಂಡುಮಕ್ಕಳಿಗೆ ಕೊಟ್ಟರು. ಮಕ್ಕಳ ಹೆಸರು ವಿಲ್ಬರ್ ಮತ್ತು ಆರ್ವಿಲ್ ರೈಟ್. ಆಟಿಕೆ ಮುರಿಯಿತು, ಹುಡುಗರು ತಾವೇ ಇನ್ನೊಂದನ್ನು ಮಾಡಿಕೊಂಡರು. 1903ರಲ್ಲಿ ಆ ಸೋದರರು ಏನು ಮಾಡಿದರೆಂಬುದು ಎಲ್ಲರಿಗೂ ತಿಳಿದಿದೆ.

ಆದರೆ ಹಾರಿಬಿಟ್ಟ ಮಾದರಿ ಎಲ್ಲಿ ಹೋಗಬೇಕೆಂದು ಹೇಳುವ ಅಧಿಕಾರ ಹಾರಿಸಿದವನಿಗೆ ಇರಲಿಲ್ಲ. ಗಾಳಿ ಬೀಸಿದರೆ ತಿಂಗಳುಗಟ್ಟಲೆ ದುಡಿದು ಕಟ್ಟಿದ ವಿಮಾನ ಊರಾಚೆ ಕಣ್ಮರೆಯಾಗುತ್ತಿತ್ತು. ಈ ಕೊರಗನ್ನು ನೀಗಿದ್ದು ರೇಡಿಯೊ. ಅಮೆರಿಕದ ಮಿಷಿಗನ್ ರಾಜ್ಯದ ಕಲಮಜೂ ಪಟ್ಟಣದ ಅವಳಿ ಸೋದರರಾದ ವಾಲ್ಟರ್ ಗುಡ್ ಮತ್ತು ವಿಲಿಯಂ ಗುಡ್ ಇದರ ಮೊದಲಿಗರಲ್ಲಿ ಪ್ರಮುಖರು. ವಾಲ್ಟರ್‌ಗೆ ವಿಮಾನದ ಹುಚ್ಚು, ವಿಲಿಯಂಗೆ ಹ್ಯಾಮ್ ರೇಡಿಯೊ ಹುಚ್ಚು. ಇಬ್ಬರ ಹುಚ್ಚೂ ಸೇರಿ 1937ರಲ್ಲಿ ‘ಬಿಗ್ ಗಫ್’ ಎಂಬ ಎಂಟು ಅಡಿ ಅಗಲದ ಮಾದರಿ ಹಾರಿತು. ನೆಲದಿಂದ ಕೊಟ್ಟ ಸಂಕೇತಕ್ಕೆ ಅದು ತಿರುಗಿತು. ಆ ವಿಮಾನವನ್ನು ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ವಿಮಾನ ಸಂಗ್ರಹಾಲಯ ಕಾಪಾಡಿಕೊಂಡಿದೆ.

ಆಗಿನ ನಿಯಂತ್ರಣ ಬಹಳ ಒರಟು. ಗುಂಡಿ ಒತ್ತಿದರೆ ಚುಕ್ಕಾಣಿ ಪೂರ್ತಿ ಒಂದು ಪಕ್ಕಕ್ಕೆ ಹೊರಳುತ್ತಿತ್ತು, ಬಿಟ್ಟರೆ ನೆಟ್ಟಗಾಗುತ್ತಿತ್ತು; ‘ಸ್ವಲ್ಪ ತಿರುಗು’ ಎನ್ನುವ ಮಾತೇ ಇರಲಿಲ್ಲ. ವಾಲ್ವ್ ರೇಡಿಯೊ ಮತ್ತು ಬ್ಯಾಟರಿಗಳ ಭಾರವೂ ಹೆಚ್ಚು. 1960ರ ದಶಕದಲ್ಲಿ ಟ್ರಾನ್ಸಿಸ್ಟರ್ ಬಂದ ಮೇಲೆ ಉಪಕರಣ ಹಗುರವಾಯಿತು. ಕಡ್ಡಿಯನ್ನು ಎಷ್ಟು ಸರಿಸಿದರೆ ಚುಕ್ಕಾಣಿಯೂ ಅಷ್ಟೇ ಹೊರಳುವ ವ್ಯವಸ್ಥೆ ರೂಢಿಗೆ ಬಂತು. ಹಳೆಯ ಯುದ್ಧವಿಮಾನಗಳ ನಿಖರ ಮಾದರಿಗಳನ್ನು ಧೈರ್ಯವಾಗಿ ಮೇಲೇರಿಸಲು ಸಾಧ್ಯವಾದದ್ದು ಆಮೇಲೆಯೇ. ಆಗಲೂ ಒಂದು ಭಯ ಉಳಿದಿತ್ತು. ಮೈದಾನದಲ್ಲಿ ಇಬ್ಬರು ಒಂದೇ ತರಂಗಾಂತರದಲ್ಲಿ ಟ್ರಾನ್ಸ್‌ಮಿಟರ್ ಚಾಲೂ ಮಾಡಿದರೆ ಮೇಲಿದ್ದ ವಿಮಾನ ನೆಲಕ್ಕಪ್ಪಳಿಸುತ್ತಿತ್ತು. 2000ದ ದಶಕದ ನಡುವೆ 2.4 ಗಿಗಾಹರ್ಟ್ಸ್ ಉಪಕರಣಗಳು ಬಂದ ಮೇಲೆ ಈ ಭಯ ಬಹುಮಟ್ಟಿಗೆ ದೂರವಾಯಿತು.

ಆಟಿಕೆ ಯುದ್ಧಕ್ಕೆ ಹೋಯಿತು

ಹವ್ಯಾಸ ಕೇವಲ ಹವ್ಯಾಸವಾಗಿ ಉಳಿಯಲಿಲ್ಲ. ಮೊದಲ ಮಹಾಯುದ್ಧದಲ್ಲಿ ಬ್ರಿಟನ್ನಿನ ವಾಯುದಳದಲ್ಲಿದ್ದ ರೆಜಿನಾಲ್ಡ್ ಡೆನ್ನಿ ಮುಂದೆ ಹಾಲಿವುಡ್ ನಟನಾದ. 1930ರ ದಶಕದಲ್ಲಿ ಅವನು ಮಾದರಿ ವಿಮಾನಗಳ ಅಂಗಡಿಯನ್ನೂ ತೆರೆದ. ವಿಮಾನ ಹೊಡೆಯುವ ಫಿರಂಗಿದಳದವರಿಗೆ ಗುರಿ ಕಲಿಸಲು ರೇಡಿಯೊ ನಿಯಂತ್ರಿತ ಮಾದರಿ ತಕ್ಕದ್ದೆಂದು ಅವನಿಗೆ ಹೊಳೆಯಿತು. ಹಾಗೆ ಹುಟ್ಟಿದ ‘ರೇಡಿಯೊಪ್ಲೇನ್’ ಸಂಸ್ಥೆ ಎರಡನೇ ಮಹಾಯುದ್ಧದ ಅವಧಿಯಲ್ಲಿ ಸುಮಾರು 15,000 ಗುರಿ ವಿಮಾನಗಳನ್ನು ಅಮೆರಿಕದ ಸೇನೆಗೆ ಒದಗಿಸಿತು. ಆ ಕಾರ್ಖಾನೆಯ ಕೆಲಸಗಾರ್ತಿಯೊಬ್ಬಳ ಚಿತ್ರವನ್ನು ಸೇನೆಯ ಛಾಯಾಗ್ರಾಹಕನೊಬ್ಬ ತೆಗೆದ. ಆ ತರುಣಿಯೇ ಮುಂದೆ ಮರ್ಲಿನ್ ಮನ್ರೊ ಆದಳು.

ಬ್ರಿಟನ್ 1935ರಲ್ಲೇ ‘ಕ್ವೀನ್ ಬೀ’, ಅಂದರೆ ರಾಣಿಜೇನು, ಎಂಬ ಪೂರ್ಣ ಗಾತ್ರದ ಚಾಲಕರಹಿತ ಗುರಿ ವಿಮಾನವನ್ನು ಹಾರಿಸಿತ್ತು. ಗಂಡು ಜೇನಿಗೆ ಇಂಗ್ಲಿಷಿನಲ್ಲಿ ಹೇಳುವ ‘ಡ್ರೋನ್’ ಎಂಬ ಪದ ಚಾಲಕರಹಿತ ವಿಮಾನಕ್ಕೆ ಅಂಟಿಕೊಂಡದ್ದು ಇದರಿಂದಲೇ ಎನ್ನಲಾಗುತ್ತದೆ. ಇಂದು ಗಡಿಗಳಲ್ಲಿ ಬಾಂಬ್ ಹೊತ್ತು ಹಾರುವ ಡ್ರೋನ್‌ಗಳೂ ಮೈದಾನದಲ್ಲಿ ಹಾರುವ ಪುಟ್ಟ ಫಾಕರ್ ಕೂಡ ದಾಯಾದಿಗಳು ಎಂದರೆ ತಪ್ಪಾಗಲಾರದು.

ಗಾಳಿ ಕಿರಿದಾಗುವುದಿಲ್ಲ

ಮಾದರಿ ಕಟ್ಟುವವನ ಮೊದಲ ಕೆಲಸ ಇತಿಹಾಸಕಾರನದು. ಮೂಲ ವಿಮಾನವೇ ಇಲ್ಲದಿರುವಾಗ ಹಳೆಯ ಛಾಯಾಚಿತ್ರಗಳು, ನಕ್ಷೆಗಳು, ಸೆರೆಸಿಕ್ಕ ಫಾಕರನ್ನು ಬ್ರಿಟಿಷರು 1918ರಲ್ಲಿ ಪರಿಶೀಲಿಸಿ ಬರೆದಿಟ್ಟ ವಿವರ ಇವೇ ಆಧಾರ. ಬಣ್ಣದ ಛಾಯೆ ಯಾವುದು, ಶಿಲುಬೆಯ ಗುರುತು ಎಷ್ಟು ಅಗಲ ಎಂಬುದಕ್ಕೆಲ್ಲ ಪುರಾವೆ ಬೇಕು. ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ತೀರ್ಪುಗಾರರು ಮೊದಲು ಈ ದಾಖಲೆಗಳನ್ನು ಎದುರಿಗಿಟ್ಟುಕೊಂಡು ನಿಂತ ವಿಮಾನಕ್ಕೆ ಅಂಕ ಕೊಡುತ್ತಾರೆ, ಆಮೇಲೆ ಹಾರಾಟಕ್ಕೆ.

ಎರಡನೆಯದು ಲೆಕ್ಕ. ಫಾಕರ್ ಡಿಆರ್-1ರ ಅಗಲ 7.19 ಮೀಟರ್, ಚಾಲಕನೂ ಸೇರಿದಂತೆ ತೂಕ 586 ಕಿಲೊ. ಅದರ ಕಾಲು ಗಾತ್ರದ ಮಾದರಿಯ ಅಗಲ 1.8 ಮೀಟರ್. ಉದ್ದ ಅಗಲಗಳು ನಾಲ್ಕನೇ ಒಂದು ಭಾಗವಾದರೆ ರೆಕ್ಕೆಯ ವಿಸ್ತೀರ್ಣ ಹದಿನಾರನೇ ಒಂದು ಭಾಗಕ್ಕೆ ಇಳಿಯುತ್ತದೆ. ತೂಕವೂ ಅದೇ ಪ್ರಮಾಣದಲ್ಲಿ ಇರಬೇಕಾದರೆ ಅರವತ್ತನಾಲ್ಕನೇ ಒಂದು ಭಾಗ, ಅಂದರೆ ಸುಮಾರು 9 ಕಿಲೊ ಮೀರುವಂತಿಲ್ಲ. ಅಷ್ಟು ಮಾಡಿದರೂ ಮಾದರಿ ಮೂಲ ವಿಮಾನದ ಅರ್ಧ ವೇಗದಲ್ಲಿ ಹಾರಲೇಬೇಕು. ಇಲ್ಲವಾದರೆ ರೆಕ್ಕೆ ಅದನ್ನು ಎತ್ತದು. ಗಾತ್ರ ಕಾಲು, ವೇಗ ಅರ್ಧ. ಆದ್ದರಿಂದಲೇ ಮಾದರಿಗಳು ಆಕಾಶದಲ್ಲಿ ಅವಸರದಲ್ಲಿರುವಂತೆ ಕಾಣುತ್ತವೆ. ಮಾದರಿ ಎಷ್ಟು ಹಗುರವೋ ಅದರ ಗತಿ ಅಷ್ಟು ಗಂಭೀರ.

ಎಲ್ಲವನ್ನೂ ಕಿರಿದು ಮಾಡಬಹುದು, ಗಾಳಿಯನ್ನು ಮಾತ್ರ ಮಾಡಲಾಗದು. ಪುಟ್ಟ ರೆಕ್ಕೆಯ ಪಾಲಿಗೆ ಅದೇ ಗಾಳಿ ಹೆಚ್ಚು ಜಿಗುಟು. ಅದು ರೆಕ್ಕೆಯ ಮೈಬಿಟ್ಟು ಬೇಗ ಕಳಚಿಕೊಳ್ಳುತ್ತದೆ, ವಿಮಾನ ಥಟ್ಟನೆ ಒಂದು ಪಕ್ಕಕ್ಕೆ ಬೀಳುತ್ತದೆ. ಮೂಲಕ್ಕೆ ನಿಷ್ಠನಾಗಬೇಕೋ ಹಾರಾಟಕ್ಕೆ ನಿಷ್ಠನಾಗಬೇಕೋ ಎಂಬ ಇಕ್ಕಟ್ಟು ಕಟ್ಟುವವನಿಗೆ ಎದುರಾಗುವುದು ಇಲ್ಲಿ. ಕೆಲವರು ರೆಕ್ಕೆಯ ಅಡ್ಡಕೊಯ್ತದ ಆಕಾರವನ್ನು ಕೊಂಚ ಬದಲಿಸುತ್ತಾರೆ, ಕೆಲವರು ಬಾಲವನ್ನು ಒಂದಿಷ್ಟು ಹಿಗ್ಗಿಸುತ್ತಾರೆ. ಫಾಕರ್‌ನ ಮೂತಿ ಗಿಡ್ಡ. ಮೂಲದಲ್ಲಿ ಭಾರವಾದ ಎಂಜಿನ್ ಮುಂದಿದ್ದು ತೂಕ ಸರಿಹೋಗುತ್ತಿತ್ತು. ಮಾದರಿಯ ಎಂಜಿನ್ ಹಗುರ. ಹೀಗಾಗಿ ಗ್ರಾಂ ಗ್ರಾಂ ಲೆಕ್ಕ ಹಾಕಿ ತೂಕ ಉಳಿಸಿದವನೇ ಕೊನೆಗೆ ಮೂತಿಯೊಳಗೆ ಸೀಸದ ತುಂಡು ಇಡಬೇಕಾಗುತ್ತದೆ.

ಮೂರನೆಯದು ಕೈಕೆಲಸ. ದಕ್ಷಿಣ ಅಮೆರಿಕದ ಬಾಲ್ಸಾ ಮರದ ತೆಳು ಹಲಗೆಗಳನ್ನು ಕೊಯ್ದು ಪಕ್ಕೆಲುಬುಗಳಂತೆ ಜೋಡಿಸಿ, ಮೇಲೆ ಬಟ್ಟೆಯನ್ನೋ ಕಾಗದವನ್ನೋ ಬಿಗಿದು ರೆಕ್ಕೆ ಮಾಡುತ್ತಾರೆ. ಬಾಲ್ಸಾ ಆಟಿಕೆಯ ಮರವಷ್ಟೇ ಅಲ್ಲ. ಬ್ರಿಟನ್ನಿನ ಹೆಸರಾಂತ ಯುದ್ಧವಿಮಾನ ‘ಮೊಸ್ಕಿಟೊ’ದ ಒಡಲನ್ನು ಮಾಡಿದ್ದು ತೆಳು ಪ್ಲೈವುಡ್ ಪದರಗಳ ನಡುವೆ ಬಾಲ್ಸಾ ಇಟ್ಟು ಅಂಟಿಸಿ.

ಎಣ್ಣೆಯ ನಂಟು ಇನ್ನೂ ಹತ್ತಿರದ್ದು. ಮಾದರಿ ವಿಮಾನದ ‘ಗ್ಲೋ’ ಎಂಜಿನ್‌ಗಳ ಇಂಧನದಲ್ಲಿ ಮೆಥನಾಲ್ ಜತೆಗೆ ಹರಳೆಣ್ಣೆ ಬೆರೆಸುವ ರೂಢಿಯಿದೆ. ನಮ್ಮ ಅಜ್ಜಿಯರು ಮಕ್ಕಳ ತಲೆಗೆ ತಟ್ಟುತ್ತಿದ್ದ ಅದೇ ಎಣ್ಣೆ. ಮೊದಲ ಮಹಾಯುದ್ಧದಲ್ಲಿ ಗರಗರ ತಿರುಗುತ್ತಿದ್ದ ರೋಟರಿ ಎಂಜಿನ್‌ಗಳಿಗೂ ಹರಳೆಣ್ಣೆಯೇ ಕೀಲೆಣ್ಣೆ. ದಿಗ್ಬಂಧನಕ್ಕೆ ಸಿಕ್ಕ ಜರ್ಮನಿಗೆ ಅದು ದೊರೆಯದಾಯಿತು. ಬದಲಿ ಎಣ್ಣೆ ಹಾಕಿದ ಫಾಕರ್‌ಗಳ ಎಂಜಿನ್‌ಗಳು ಕೈಕೊಟ್ಟವು. ಆ ವಿಮಾನ ರಣರಂಗದಿಂದ ಬೇಗ ಮರೆಯಾಗಲು ಇದೂ ಒಂದು ಕಾರಣ.

ಕೈಗೆ ತಿಳಿಯುವ ಚರಿತ್ರೆ

1917ರ ಅಕ್ಟೋಬರ್ ಕೊನೆಯಲ್ಲಿ ಎರಡೇ ದಿನಗಳಲ್ಲಿ ಎರಡು ಫಾಕರ್‌ಗಳ ರೆಕ್ಕೆ ಗಾಳಿಯಲ್ಲೇ ಮುರಿದು ಇಬ್ಬರು ಚಾಲಕರು ಸತ್ತರು. ಅವರಲ್ಲಿ ಒಬ್ಬ ಹೆಸರಾಂತ ಯೋಧ ಹೈನ್ರಿಕ್ ಗೊಂಟರ್‌ಮನ್. ಎಲ್ಲ ಫಾಕರ್‌ಗಳನ್ನೂ ನೆಲದಲ್ಲೇ ನಿಲ್ಲಿಸಿ ತನಿಖೆ ನಡೆಸಿದಾಗ ಕಳಪೆ ಕೆಲಸ ಮತ್ತು ರೆಕ್ಕೆಯೊಳಗೆ ಸೇರಿದ ತೇವ ಬಯಲಾದವು. ಮೂರು ರೆಕ್ಕೆಗಳಲ್ಲಿ ಮೇಲಿನದೇ ಹೆಚ್ಚಿನ ಭಾರ ಹೊರುತ್ತದೆ ಎಂಬುದು ಅಮೆರಿಕದ ಸಂಶೋಧಕರ ಅಧ್ಯಯನದಿಂದ ಸ್ಪಷ್ಟವಾದದ್ದು 1929ರಲ್ಲಿ. ಆ ಹೊತ್ತಿಗೆ ಯುದ್ಧ ಮುಗಿದು ಹತ್ತು ವರ್ಷ ದಾಟಿತ್ತು.

ಪುಸ್ತಕದಲ್ಲಿ ಇದು ನಾಲ್ಕು ಸಾಲಿನ ವಿಷಯ. ತನ್ನ ಕೈಯಿಂದಲೇ ಮೇಲಿನ ರೆಕ್ಕೆಗೆ ಪಕ್ಕೆಲುಬು ಅಂಟಿಸುವವನಿಗೆ ಅದು ಬೇರೆ ಬಗೆಯಲ್ಲಿ ಅರ್ಥವಾಗುತ್ತದೆ. ಗೋಂದು ಆರುವ ಮೊದಲೇ ಅವಸರಪಟ್ಟರೆ ಏನಾಗುತ್ತದೆಂದು ಅವನು ಬಲ್ಲ. ಕೆಳಗಿನ ರೆಕ್ಕೆಯ ತುದಿಯಲ್ಲಿ ಫಾಕರ್‌ಗೆ ಮರದ ಬಾಗುಪಟ್ಟಿಗಳಿದ್ದವು. ಅವು ಅಲಂಕಾರಕ್ಕೆಂದು ಚಿತ್ರ ನೋಡಿದವರು ಭಾವಿಸಬಹುದು. ಅಡ್ಡಗಾಳಿಯಲ್ಲಿ ಇಳಿಯುವಾಗ ಮಾದರಿಯೂ ಗಿರಕಿ ಹೊಡೆದು ರೆಕ್ಕೆಯನ್ನು ನೆಲಕ್ಕೆ ಉಜ್ಜಿದಾಗ ಆ ಪಟ್ಟಿ ಯಾಕೆಂಬುದು ತಾನಾಗಿ ತಿಳಿಯುತ್ತದೆ. ನೂರು ವರ್ಷದ ಹಿಂದಿನ ಚಾಲಕನಿಗೆ ಬಂದ ಕಷ್ಟವೇ ಇಂದಿನ ಹವ್ಯಾಸಿಗೂ ಬರುತ್ತದೆ. ವ್ಯತ್ಯಾಸ ಇಷ್ಟೇ: ಇವನು ಮುರಿದ ತುಂಡುಗಳನ್ನು ಆರಿಸಿಕೊಂಡು ಮನೆಗೆ ಹೋಗುತ್ತಾನೆ.

ಈ ವ್ಯತ್ಯಾಸವನ್ನು ಮರೆಯುವಂತಿಲ್ಲ. ರಿಕ್ಟ್‌ಹೋಫೆನ್ ಹೊಡೆದುರುಳಿಸಿದ್ದು 80 ವಿಮಾನಗಳನ್ನು. ಅವುಗಳಲ್ಲೂ ಮನುಷ್ಯರಿದ್ದರು. ಕೊಲ್ಲುವ ಯಂತ್ರವನ್ನು ಭಾನುವಾರದ ವಿನೋದವಾಗಿಸುವುದು ಸರಿಯೇ ಎಂಬ ಪ್ರಶ್ನೆಗೆ ಸುಲಭದ ಉತ್ತರವಿಲ್ಲ. ಎರಡನೇ ಮಹಾಯುದ್ಧದ ಜರ್ಮನ್ ವಿಮಾನಗಳ ಬಾಲದ ಮೇಲೆ ನಾಜಿ ಸ್ವಸ್ತಿಕವಿತ್ತು. ಜರ್ಮನಿಯ ಕಾನೂನು ಅದರ ಪ್ರದರ್ಶನವನ್ನು ನಿರ್ಬಂಧಿಸಿದೆ. ಅಲ್ಲಿ ಮಾರುವ ಮಾದರಿಗಳಲ್ಲಿ ಆ ಗುರುತನ್ನು ಸಾಮಾನ್ಯವಾಗಿ ಕೈಬಿಡಲಾಗುತ್ತದೆ. ನಿಖರತೆಗೂ ಒಂದು ಎಲ್ಲೆಯಿದೆ ಎಂದಾಯಿತು. ಆದರೆ ಯುದ್ಧವಿಮಾನವನ್ನು ಪೂರ್ತಿ ಮರೆತರೆ ಅದರೊಳಗೆ ಸತ್ತವರನ್ನೂ ಮರೆತಂತೆ ಎಂಬ ವಾದವನ್ನೂ ತಳ್ಳಿಹಾಕಲಾಗದು.

ಬೆಂಗಳೂರಿನ ಮರದ ‘ಮಾರುತ್’

ಈ ಕಥೆಗೆ ಬೆಂಗಳೂರಿನ ನಂಟೂ ಇದೆ. ಮಾದರಿ ಕಟ್ಟುವವರಿಗೆ ಅಚ್ಚುಮೆಚ್ಚಾದ ಜರ್ಮನ್ ಯುದ್ಧವಿಮಾನ ‘ಫೋಕೆ-ವುಲ್ಫ್ 190’ರ ವಿನ್ಯಾಸಕ ಕರ್ಟ್ ಟ್ಯಾಂಕ್ 1956ರಲ್ಲಿ ಬೆಂಗಳೂರಿಗೆ ಬಂದರು. ಇಲ್ಲಿನ ಎಚ್.ಎ.ಎಲ್.ನ ತಂತ್ರಜ್ಞರೊಂದಿಗೆ ಸೇರಿ ಭಾರತದ ಮೊದಲ ಜೆಟ್ ಯುದ್ಧವಿಮಾನ ‘ಎಚ್.ಎಫ್.-24 ಮಾರುತ್’ ರೂಪಿಸಿದರು. ಆಗ ಅವರೂ ಒಂದು ಮಾದರಿಯನ್ನೇ ಮೊದಲು ಕಟ್ಟಿಸಿದರು. ಎಂಜಿನ್ ಇಲ್ಲದ, ಪೂರ್ಣ ಗಾತ್ರದ ಮರದ ಗ್ಲೈಡರ್ ಅದು. 1959ರಲ್ಲಿ ಅದನ್ನು ಡಕೋಟ ವಿಮಾನಕ್ಕೆ ಕಟ್ಟಿ ಮೇಲಕ್ಕೊಯ್ದು ಬಿಟ್ಟು ಗುಣದೋಷ ಪರೀಕ್ಷಿಸಲಾಯಿತು. ಲೋಹದ ಮಾರುತ್ 1961ರ ಜೂನ್ 17ರಂದು ಹಾರಿತು. ಚಾಲಕ ವಿಂಗ್ ಕಮಾಂಡರ್ ಸುರಂಜನ್ ದಾಸ್.

ಒಟ್ಟು 147 ಮಾರುತ್‌ಗಳು ತಯಾರಾದವು. 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಅವು ಕಾದಿದವು. 1990ರ ಹೊತ್ತಿಗೆ ಎಲ್ಲವೂ ನಿವೃತ್ತಿಯಾದವು. ಬೆಂಗಳೂರಿನ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯಕ್ಕೆ ಹೋದವರು ಒಂದು ಮಾರುತ್ ನೋಡಿರಬಹುದು. ಅದು ನಿಂತಲ್ಲೇ ನಿಂತಿದೆ. ಅದು ಹೇಗೆ ಏರುತ್ತಿತ್ತು, ಹೇಗೆ ಹೊರಳುತ್ತಿತ್ತು ಎಂಬುದನ್ನು ಗಾಳಿಯಲ್ಲಿ ತೋರಿಸುವುದಾದರೆ ಮಾದರಿ ವಿಮಾನವೇ ಹತ್ತಿರದ ದಾರಿ.

ದಾರಿ ಸಲೀಸಾಗಿಲ್ಲ. ಡ್ರೋನ್‌ಗಳ ಭೀತಿಯಿಂದ ಆಕಾಶದ ನಿಯಮಗಳು ಬಿಗಿಯಾಗಿವೆ. ಭಾರತದ 2021ರ ಡ್ರೋನ್ ನಿಯಮಗಳು 25 ಕಿಲೊ ಮೀರದ, ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಹಾರಿಸುವ, ಕಲಿಕೆ, ಸಂಶೋಧನೆ ಅಥವಾ ಹವ್ಯಾಸದ ಮಾದರಿಗಳನ್ನು ಬೇರೆಯಾಗಿಯೇ ಗುರುತಿಸಿವೆ. ಆದರೆ ಸುತ್ತ ಹಲವು ವಿಮಾನ ನಿಲ್ದಾಣಗಳಿರುವ ಬೆಂಗಳೂರಿನಂಥ ಊರಿನಲ್ಲಿ ಹಾರಿಸಲು ಬಯಲು ಸಿಗುವುದೇ ಕಷ್ಟ. ಇನ್ನೊಂದು ಕಡೆ, ಪೆಟ್ಟಿಗೆ ಬಿಚ್ಚಿ ರೆಕ್ಕೆ ಸಿಕ್ಕಿಸಿ ಹಾರಿಸುವ ಫೋಮ್ ವಿಮಾನಗಳು ಬಂದಿವೆ. ಹಾರಿಸುವವರು ಹೆಚ್ಚಿದರೂ ಕಟ್ಟುವವರು ಹೆಚ್ಚುವರೆಂಬ ಭರವಸೆಯಿಲ್ಲ. ಅಂತರರಾಷ್ಟ್ರೀಯ ನಿಖರ ಮಾದರಿ ಸ್ಪರ್ಧೆಯ ಮುಖ್ಯ ವಿಭಾಗದಲ್ಲಿ ವಿಮಾನವನ್ನು ಸ್ಪರ್ಧಿಯೇ ಕಟ್ಟಿರಬೇಕು ಎಂಬ ನಿಯಮವಿದೆ. ಅದರ ಮಹತ್ವ ಈಗ ಹೆಚ್ಚು ತಿಳಿಯುತ್ತದೆ.

ಫಾಕರ್ ಇಂದಿಗೂ ಹಾರುತ್ತಿರುವುದು ಯಾವುದೋ ಮನೆಯ ಹಿತ್ತಿಲ ಕೋಣೆಯಲ್ಲಿ ಯಾರೋ ಒಬ್ಬರು ಹಳೆಯ ಚಿತ್ರ ಮುಂದಿಟ್ಟುಕೊಂಡು ಬಾಲ್ಸಾ ಕೊಯ್ಯಲು ಕುಳಿತದ್ದರಿಂದ. ಮಾರುತ್ ಕೂಡ ಅಂಥದೊಂದು ಕೋಣೆಗಾಗಿ ಕಾದಿದೆ.